ಕುಡಿಯುವ ನೀರಿನಲ್ಲಿ ತಾಮ್ರ: ನವಲಿ ಸೀಮೆಯ ಸಂದರ್ಭ

ಮನೆಯಲ್ಲಿ ಕುಡಿಯಲು, ಅಡುಗೆಗೆ ಬಳಸುವ ನೀರಿನಲ್ಲಿ ತಾಮ್ರದ ಅಂಶ ಆರೋಗ್ಯಕ್ಕೆ ತೊಂದರೆ ಕೊಡುವ ಮಟ್ಟಕ್ಕೆ ಏರುವುದೇ ತಾಮ್ರ ಮಾಲಿನ್ಯ. ಫ್ಲೋರೈಡ್, ಆರ್ಸೆನಿಕ್‌ಗಳಂತೆ ಇದು ಸಾಮಾನ್ಯವಾಗಿ ನೆಲದೊಳಗಿಂದ ಬರುವುದಿಲ್ಲ. ಊರಿನ ಬೋರ್‌ವೆಲ್‌ನಲ್ಲಿ ಇಲ್ಲದ ತಾಮ್ರ ಮನೆಯ ಕೊಡದಲ್ಲಿ ಇರಬಹುದು. ಸಂಜೆ ತುಂಬಿಟ್ಟಾಗ ಇಲ್ಲದ್ದು ಬೆಳಗಾಗುವಷ್ಟರಲ್ಲಿ ಸೇರಿರಬಹುದು. ಆದ್ದರಿಂದ ಇದರ ಲೆಕ್ಕ ಹಿಡಿಯುವಾಗ ನೀರು ಎಲ್ಲಿಂದ ಬಂತು ಎಂಬುದರ ಜೊತೆಗೆ ಯಾವುದರಲ್ಲಿ, ಎಷ್ಟು ಹೊತ್ತು ನಿಂತಿತ್ತು ಎಂಬುದನ್ನೂ ಕೇಳಬೇಕಾಗುತ್ತದೆ. ಕೊಪ್ಪಳ ಜಿಲ್ಲೆಯ ನವಲಿ ಸುತ್ತಿನ ಸೀಮೆಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಇಲ್ಲಿ ನೆಲದ ನೀರಿನ ದೋಷ ಒಂದು, ಮನೆಯೊಳಗೆ ಸೇರುವ ದೋಷ ಇನ್ನೊಂದು. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ದಾರಿ ಮಾಡಿಕೊಡುವ ಸಂದರ್ಭವೂ ಇದೆ.

ನೆಲ ಮತ್ತು ನೀರು

ನವಲಿ ಮೊದಲು ಗಂಗಾವತಿ ತಾಲ್ಲೂಕಿನಲ್ಲಿತ್ತು, ಈಗ ಕನಕಗಿರಿ ತಾಲ್ಲೂಕಿಗೆ ಸೇರಿದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯಲ್ಲಿ ಗಂಗಾವತಿ, ಕಾರಟಗಿ ಕಡೆಯ ತಗ್ಗು ಪ್ರದೇಶಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಟು. ಕನಕಗಿರಿ, ಕುಷ್ಟಗಿ, ಯಲಬುರ್ಗಾ ಕಡೆಯದು ಬಹುಮಟ್ಟಿಗೆ ಮಳೆಯಾಶ್ರಿತ ಬಯಲು. ವರ್ಷದ ಮಳೆ 600 ಮಿ.ಮೀ. ಆಸುಪಾಸು. ಕುಡಿಯಲು ಜನ ದಶಕಗಳಿಂದ ನಂಬಿರುವುದು ಬೋರ್‌ವೆಲ್ ನೀರನ್ನೇ.

ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಈ ಕಲ್ಲಿನಲ್ಲಿರುವ ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್‌ನಂಥ ಖನಿಜಗಳಿಂದ ಫ್ಲೋರೈಡ್ ನೀರಿಗಿಳಿಯುತ್ತದೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹೆಸರು ರಾಜ್ಯದ ಫ್ಲೋರೈಡ್ ಪಟ್ಟಿಯಲ್ಲಿ ಬಹುಕಾಲದಿಂದ ಇದೆ. ಹಲ್ಲಿನ ಮೇಲೆ ಕಂದು ಗೆರೆ, ವಯಸ್ಸಾದವರಲ್ಲಿ ಬಗ್ಗದ ಬೆನ್ನು, ಮಡಚಲಾಗದ ಮೊಣಕಾಲು ಈ ಭಾಗದ ಹಲವು ಊರುಗಳಲ್ಲಿ ಹೊಸ ಸುದ್ದಿಯಲ್ಲ. ಜೊತೆಗೆ ನೀರು ಗಡಸು, ಕೆಲವೆಡೆ ಸವಳು. ಗೊಬ್ಬರ, ತಿಪ್ಪೆ, ಚರಂಡಿಗಳಿಂದ ನೈಟ್ರೇಟ್ ಸೇರುವುದೂ ಉಂಟು.

ಆದರೆ ಈ ಶಿಲೆಗಳಲ್ಲಿ ತಾಮ್ರ ತೀರ ಅಲ್ಪ. ಕರ್ನಾಟಕದ ತಾಮ್ರದ ಅದಿರು ಇರುವುದು ಬೇರೆ ಕಡೆ: ಚಿತ್ರದುರ್ಗದ ಇಂಗಳದಾಳು, ಹಾಸನ ಜಿಲ್ಲೆಯ ಕಲ್ಯಾಡಿ, ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ತಿಂಥಣಿ. ಇಂಗಳದಾಳಿನಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿಯ ತಾಮ್ರ ಘಟಕ ವರ್ಷಗಳ ಕಾಲ ಕೆಲಸ ಮಾಡಿ ನಿಂತುಹೋಯಿತು. ಗಂಧಕದೊಡನೆ ಕೂಡಿದ ತಾಮ್ರದ ಅದಿರು ಗಾಳಿ, ನೀರು ಸೋಕಿದಾಗ ಆಮ್ಲ ಹುಟ್ಟಿಸುವುದರಿಂದ ಇಂಥ ಹಳೆಯ ಗಣಿಗಳ ಸುತ್ತಿನ ನೀರನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ. ನೆಲದಿಂದಲೇ ವಿಷ ಬಂದದ್ದಕ್ಕೆ ನಮ್ಮ ಕಡೆ ನಿದರ್ಶನ ಬೇಕಾದರೆ ಅದೇ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಇದೆ. ಅಲ್ಲಿ ಕಂಡದ್ದು ಆರ್ಸೆನಿಕ್. ನವಲಿಯ ಬೋರ್‌ವೆಲ್‌ಗೆ ಈ ಎರಡರ ನೆರಳೂ ಇಲ್ಲ. ಇಲ್ಲಿ ತಾಮ್ರದ ಮಾತು ಶುರುವಾಗುವುದು ಹೊಸ್ತಿಲು ದಾಟಿದ ಮೇಲೆ.

ಲೋಹ ಕರಗುವ ಬಗೆ

ಶುದ್ಧ ತಾಮ್ರ ಸುಮ್ಮನೆ ನೀರಿನಲ್ಲಿ ಕರಗುವುದಿಲ್ಲ. ನೀರಿನಲ್ಲಿರುವ ಆಮ್ಲಜನಕ ಮೊದಲು ಅದರ ಮೇಲ್ಮೈಯನ್ನು ತಿನ್ನುತ್ತದೆ. ಮೇಲೆ ಕಂದು ಪೊರೆ, ಕ್ರಮೇಣ ಹಸಿರು ಪೊರೆ ಕಟ್ಟುತ್ತದೆ. ಈ ಹಸಿರೇ ಕಿಲುಬು. ಪೊರೆ ಗಟ್ಟಿಯಾಗಿ ಕೂತರೆ ಅದರಡಿಯ ಲೋಹ ಉಳಿಯುತ್ತದೆ, ಪೊರೆಯೇ ಕರಗಿದರೆ ತಾಮ್ರ ನೀರಿಗಿಳಿಯುತ್ತದೆ. ಎರಡರಲ್ಲಿ ಯಾವುದಾಗುತ್ತದೆ ಎಂಬುದನ್ನು ನಿರ್ಧರಿಸುವುದು ನೀರಿನ ಗುಣ.

ಪಿಎಚ್ 6.5ಕ್ಕಿಂತ ಕೆಳಗಿಳಿದ ಹುಳಿ ನೀರು ಪೊರೆಯನ್ನು ಕರಗಿಸುತ್ತದೆ. ಸುಣ್ಣದಂಶ, ಕ್ಷಾರ ಇರುವ, ಪಿಎಚ್ 7.5ರ ಮೇಲಿನ ನೀರಿನಲ್ಲಿ ಪೊರೆ ನಿಲ್ಲುತ್ತದೆ, ಜೊತೆಗೆ ಕೊಡದ ಒಳಮೈಗೆ ಬಿಳಿ ಉಪ್ಪು ಕಟ್ಟಿ ಇನ್ನೊಂದು ಪದರವೂ ಆಗುತ್ತದೆ. ನವಲಿ ಕಡೆಯ ಗಡಸು ನೀರು ಎರಡನೆಯ ಬಗೆಗೆ ಹತ್ತಿರ. ಬೇಳೆ ಬೇಯಿಸಲು, ಸಾಬೂನು ನೊರೆ ಬರಿಸಲು ಹೆಣ್ಣುಮಕ್ಕಳಿಗೆ ಕಾಟ ಕೊಡುವ ಅದೇ ಗಡಸುತನ ತಾಮ್ರದ ವಿಷಯದಲ್ಲಿ ಒಂದಿಷ್ಟು ಕಾವಲಾಗಿದೆ. ಒಂದಿಷ್ಟು ಎಂದೇ ಹೇಳಬೇಕು. ಆಳದ ಬೋರ್‌ನಿಂದ ಆಗಷ್ಟೇ ಮೇಲೆ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು ಕರಗಿದ್ದರೆ ಪಿಎಚ್ ತಗ್ಗಿರುತ್ತದೆ; ಅಂಥ ಹೊತ್ತಿನಲ್ಲಿ ಕ್ಷಾರಾಂಶ ಹೆಚ್ಚಿರುವ ನೀರು ಸಹ ತಾಮ್ರವನ್ನು ಎಳೆದುಕೊಳ್ಳಬಲ್ಲದು.

ಉಳಿದ ಸಂಗತಿಗಳು ಸರಳ. ನೀರು ಹೆಚ್ಚು ಹೊತ್ತು ನಿಂತಷ್ಟೂ ತಾಮ್ರ ಹೆಚ್ಚು, ಬಿಸಿಯಾದಷ್ಟೂ ಹೆಚ್ಚು. ಹೊಸ ಪಾತ್ರೆ ಹಳೆಯದಕ್ಕಿಂತ ಹೆಚ್ಚು ಬಿಡುತ್ತದೆ. ಉಜ್ಜಿ ಹೊಳಪು ಬರಿಸಿದ ಕೊಡವೂ ಒಂದೆರಡು ದಿನ ಹೊಸದರಂತೆಯೇ ವರ್ತಿಸುತ್ತದೆ, ಏಕೆಂದರೆ ಕಾಪಾಡುವ ಪೊರೆಯೂ ಕಿಲುಬಿನ ಜೊತೆಗೇ ಹೋಗಿರುತ್ತದೆ.

ಕೊಡ, ಹಂಡೆ, ಚರಗಿ

ಈ ಭಾಗದ ಮನೆಗಳಲ್ಲಿ ತಾಮ್ರಕ್ಕೆ ಎರಡು ಜಾಗ. ಬಚ್ಚಲಲ್ಲಿ ಒಲೆಯ ಮೇಲೆ ಕೂರಿಸಿದ ಹಂಡೆ; ಅಡುಗೆಮನೆಯಲ್ಲಿ ಅಥವಾ ಜಗಲಿಯ ಮೇಲೆ ಕುಡಿಯುವ ನೀರಿನ ಕೊಡ, ಅದರ ಬಾಯಿಗೆ ಮುಚ್ಚಿದ ಚರಗಿ. ಮಗಳ ಮದುವೆಗೆ ಕೊಡುವ ಸಾಮಾನಿನಲ್ಲಿ ತಾಮ್ರದ ಕೊಡ, ಹಂಡೆ ಈಗಲೂ ಇವೆ. ಹಂಡೆಯ ಹೊರಮೈ ಮಸಿ ಹಿಡಿದು ಕಪ್ಪಾಗಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಸ್ನಾನದ ನೀರು ತಾನೆ. ಚಳಿಗಾಲದ ಬೆಳಗ್ಗೆ ಅದೇ ಹಂಡೆಯ ಕಾದ ನೀರನ್ನು ಒಂದು ಚರಗಿ ಎತ್ತಿಕೊಂಡು ಚಹಾಕ್ಕೋ ಕೂಸಿನ ಹಾಲು ತೆಳು ಮಾಡುವುದಕ್ಕೋ ಬಳಸಿದರೆ ಮಾತು ಬೇರೆಯಾಗುತ್ತದೆ. ರಾತ್ರಿಯಿಡೀ ನಿಂತು, ಮೇಲಿಂದ ಕಾದ ನೀರು ಅದು.

ಕೊಡವನ್ನು ಬೆಳಗುವುದು ಹುಣಸೆಹಣ್ಣು, ಬೂದಿ, ನಿಂಬೆಹೋಳು, ಇತ್ತೀಚೆಗೆ ಅಂಗಡಿಯ ಪುಡಿಯಿಂದ. ಹುಣಸೆಯ ಆಮ್ಲ ಕಿಲುಬನ್ನು ಕರಗಿಸುವುದರಿಂದಲೇ ಕೊಡ ಕೆಂಪಗೆ ಹೊಳೆಯುತ್ತದೆ. ಹಾಗೆ ಕರಗಿದ ತಾಮ್ರ ಕೊಡದ ಕಂಠದ ಒಳಮಗ್ಗುಲಲ್ಲಿ, ಕೈ ಹೋಗದ ಸಂದಿನಲ್ಲಿ ಉಳಿದಿರುತ್ತದೆ. ಎರಡು ಮೂರು ಸಲ ಗಲಬರಿಸಿ, ಮೊದಲ ಕೊಡದ ನೀರನ್ನು ಗಿಡಕ್ಕೆ ಹಾಕುವ ಹಳೆಯ ರೂಢಿಯನ್ನು ಬಿಡಬಾರದು.

ಹಿಂದೆ ಅಡುಗೆಯ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿಸುತ್ತಿದ್ದರು. ಕಲಾಯಿಯವನು ಓಣಿಯ ಮೂಲೆಯಲ್ಲಿ ತಿದಿ ಹೂಡಿ, ಪಾತ್ರೆ ಕಾಸಿ, ನವಸಾಗರದ ಪುಡಿ ಉದುರಿಸಿ, ಕರಗಿದ ತವರವನ್ನು ಅರಿವೆಯಿಂದ ಒಳಮೈಗೆಲ್ಲ ಸವರುತ್ತಿದ್ದ. ತವರದ ಆ ತೆಳು ಪದರ ಹುಳಿ ಸಾರು, ಮಜ್ಜಿಗೆ, ಹಾಲು ತಾಮ್ರಕ್ಕೆ ತಾಗದಂತೆ ತಡೆಯುತ್ತಿತ್ತು. ಸ್ಟೀಲ್ ಬಂದ ಮೇಲೆ ಕಲಾಯಿಯವರು ಕಾಣೆಯಾದರು. ಅಡುಗೆಯ ಹಿತ್ತಾಳೆ ಅಟ್ಟ ಸೇರಿತು. ಈಗ ‘ಸಾಂಪ್ರದಾಯಿಕ’ ಎಂಬ ಹೆಸರಿನಲ್ಲಿ ಅಟ್ಟದಿಂದ ಇಳಿಯುತ್ತಿರುವ ಪಾತ್ರೆಗಳಿಗೆ ಕಲಾಯಿ ಹಾಕಿಸುವವರು ಕಡಿಮೆ. ಹಾಕಿಸುವುದಾದರೂ ತವರಕ್ಕೆ ಸೀಸ ಬೆರೆತಿದ್ದರೆ ಮೊದಲಿನದಕ್ಕಿಂತ ದೊಡ್ಡ ಕೇಡು. ಹಿತ್ತಾಳೆಯ ನಲ್ಲಿ, ಜೋಡಣೆಗಳಲ್ಲಿಯೂ ಸೀಸ ಇರುವುದುಂಟು. ನೀರಿನಲ್ಲಿ ಸೀಸಕ್ಕೆ ಇರುವ ಮಿತಿ ಲೀಟರಿಗೆ 0.01 ಮಿ.ಗ್ರಾಂ. ಮಾತ್ರ.

ಶುದ್ಧ ನೀರಿನ ಘಟಕ ಮತ್ತು ಹಳೆಯ ಕೊಡ

ಫ್ಲೋರೈಡ್‌ಗೆ ಉತ್ತರವಾಗಿ ಹಳ್ಳಿಹಳ್ಳಿಗೆ ಬಂದದ್ದು ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುವ ಈ ಘಟಕಗಳಲ್ಲಿರುವುದು ಆರ್‌ಒ, ಅಂದರೆ ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣಗಳನ್ನು ಬೇರ್ಪಡಿಸುವ ವಿಧಾನ. ಫ್ಲೋರೈಡ್, ನೈಟ್ರೇಟ್, ಗಡಸುತನ ಎಲ್ಲವೂ ಇಳಿಯುತ್ತವೆ. ಅದರ ಜೊತೆಗೇ ಕ್ಷಾರಾಂಶವೂ ಇಳಿದು ಪಿಎಚ್ ಹಲವು ವೇಳೆ 7ಕ್ಕಿಂತ ಕೆಳಗೆ ಬರುತ್ತದೆ. ಹೊರಬರುವುದು ಮೆದು ನೀರು, ಸ್ವಲ್ಪ ಹುಳಿಯ ಕಡೆಗೆ ವಾಲಿದ ನೀರು. ಲೋಹವನ್ನು ತಿನ್ನುವ ಗುಣ ಇಂಥ ನೀರಿಗೆ ಹೆಚ್ಚು.

ಕ್ಯಾನಿನಿಂದ ಮನೆಗೆ ತಂದ ಈ ನೀರನ್ನು ‘ಪ್ಲಾಸ್ಟಿಕ್ ಒಳ್ಳೆಯದಲ್ಲ’ ಎಂದು ತಾಮ್ರದ ಕೊಡಕ್ಕೆ ಸುರಿದರೆ, ಅಜ್ಜಿಯ ಕಾಲದ ಗಡಸು ನೀರು ಮತ್ತು ಕೊಡದ ನಡುವೆ ಇದ್ದ ಹೊಂದಾಣಿಕೆ ಇರುವುದಿಲ್ಲ. ಕೊಡ ಅದೇ, ಒಳಗಿರುವ ನೀರು ಬೇರೆ. ಚಾವಣಿಯಿಂದ ಹಿಡಿದಿಟ್ಟ ಮಳೆನೀರಿಗೂ ಇದೇ ಮಾತು ಹೊಂದುತ್ತದೆ; ಫ್ಲೋರೈಡ್ ಸೀಮೆಗೆ ಅದು ಒಳ್ಳೆಯ ಪರ್ಯಾಯ, ಆದರೆ ಸ್ವಭಾವತಃ ಮೆದು, ತುಸು ಆಮ್ಲೀಯ. ಇವೆರಡನ್ನೂ ಸ್ಟೀಲ್, ಮಣ್ಣು ಅಥವಾ ಗಾಜಿನ ಪಾತ್ರೆಯಲ್ಲಿ ಇಡುವುದು ಕ್ಷೇಮ.

ಇದರ ಇನ್ನೊಂದು ಮಗ್ಗುಲಿನ ತಪ್ಪು ತಿಳಿವಳಿಕೆ ಹೆಚ್ಚು ಅಪಾಯದ್ದು. ತಾಮ್ರದ ಕೊಡ ನೀರನ್ನು ‘ಶುದ್ಧ ಮಾಡುತ್ತದೆ’ ಎಂದು ನಂಬಿ ಫ್ಲೋರೈಡ್ ಇರುವ ಬೋರ್ ನೀರನ್ನೇ ಅದರಲ್ಲಿ ತುಂಬಿಟ್ಟು ಕುಡಿಯುವುದು. ತಾಮ್ರ ಫ್ಲೋರೈಡನ್ನು ತೆಗೆಯುವುದಿಲ್ಲ, ನೈಟ್ರೇಟನ್ನೂ ತೆಗೆಯುವುದಿಲ್ಲ.

ಬೆಂಗಳೂರಿನ ಪ್ರಯೋಗ

ಹಾಗಿದ್ದರೆ ನಂಬಿಕೆಯಲ್ಲಿ ಏನೂ ಹುರುಳಿಲ್ಲವೆ? ಇದೆ, ಬೇರೆ ಕಡೆ ಇದೆ. ಬೆಂಗಳೂರಿನ ಯಲಹಂಕದ ಬಳಿಯ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯಲ್ಲಿ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಹೋದ್ಯೋಗಿಗಳು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ಅವರು ತಾಮ್ರದ ಪಾತ್ರೆಯಲ್ಲಿ ಸಾಮಾನ್ಯ ತಾಪಮಾನದಲ್ಲಿ 16 ತಾಸು ಇಟ್ಟರು. ಆಮೇಲೆ ಬೆಳೆಸಿ ನೋಡಿದರೆ ಬ್ಯಾಕ್ಟೀರಿಯಾ ಸಿಗಲಿಲ್ಲ. ನೀರಿಗಿಳಿದ ತಾಮ್ರ ಲೀಟರಿಗೆ ಸುಮಾರು 0.177 ಮಿ.ಗ್ರಾಂ.; ಪಿಎಚ್ 7.83ರಿಂದ 7.93ಕ್ಕೆ ಏರಿತ್ತು.

ಈ ಅಂಕಿಗಳನ್ನು ಜಾಹೀರಾತುಗಳು ಓದುವಂತೆ ಓದಬಾರದು. ಒಂದು, ಅವಧಿ 16 ತಾಸು. ರಾತ್ರಿ ಊಟದ ಮೇಲೆ ತುಂಬಿಟ್ಟು ನಸುಕಿನಲ್ಲಿ ಕುಡಿಯುವುದು ಅದರ ಅರ್ಧ. ಎರಡು, ಅಲ್ಲಿನ ನೀರು ಕ್ಷಾರದ ಕಡೆಯದು. ಪಿಎಚ್ 6ರ ಆರ್‌ಒ ನೀರಿಗೆ ಅದೇ 0.177 ಸಿಗುತ್ತದೆಂದು ಹೇಳಲಾಗದು. ಮೂರು, ರಾಡಿ ನೀರಿನಲ್ಲಿ ಮಣ್ಣು, ಸಾವಯವ ಕಸ ತಾಮ್ರವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬ್ಯಾಕ್ಟೀರಿಯಾಕ್ಕೆ ತಗಲುವುದು ಕಡಿಮೆ. ಕಲುಷಿತ ನೀರಿನ ಅಪಾಯ ಇಲ್ಲಿ ಬರಿ ಮಾತಲ್ಲ: 2023ರ ಮೇ ಕೊನೆ, ಜೂನ್ ಮೊದಲ ವಾರಗಳಲ್ಲಿ ಕನಕಗಿರಿ ತಾಲ್ಲೂಕಿನ ಬಸರಿಹಾಳ ಮತ್ತು ಕುಷ್ಟಗಿ ತಾಲ್ಲೂಕಿನ ಬಿಜಕಲ್‌ನಲ್ಲಿ ವಾಂತಿಭೇದಿಯಿಂದ ಸಾವುಗಳಾಗಿ ಕಲುಷಿತ ನೀರಿನ ಮೇಲೆ ಶಂಕೆ ಬಂತು. ನವಲಿ ಇರುವ ಜಿಲ್ಲೆಯದೇ ಊರುಗಳಿವು. ಪೈಪು ಒಡೆದು ಚರಂಡಿ ನೀರು ಸೇರುವಂಥ ಕಡೆ ಕ್ಲೋರಿನ್ ಮತ್ತು ಕುದಿಸುವಿಕೆಯ ಜಾಗದಲ್ಲಿ ತಾಮ್ರದ ಕೊಡ ನಿಲ್ಲಲಾರದು.

ಮಿತಿಗಳು

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕವಾದ ಐಎಸ್ 10500 (2012) ಪ್ರಕಾರ ತಾಮ್ರದ ಅಪೇಕ್ಷಿತ ಮಿತಿ ಲೀಟರಿಗೆ 0.05 ಮಿ.ಗ್ರಾಂ.; ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿ 2 ಮಿ.ಗ್ರಾಂ. ಅಮೆರಿಕದಲ್ಲಿ 1991ರ ಸೀಸ–ತಾಮ್ರ ನಿಯಮದಡಿ 1.3 ದಾಟಿದರೆ ನೀರು ಪೂರೈಸುವವರು ಕ್ರಮ ಕೈಗೊಳ್ಳಬೇಕು. ಬೆಂಗಳೂರಿನ ಪ್ರಯೋಗದ 0.177 ಎಂಬ ಅಂಕಿ ನಮ್ಮ ಅಪೇಕ್ಷಿತ ಮಿತಿಯ ಮೂರು ಪಟ್ಟು ದಾಟಿದೆ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಹತ್ತನೇ ಒಂದು ಭಾಗವೂ ಆಗಿಲ್ಲ. ತಾಮ್ರದ ಕೊಡದ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ವರದಿಯಲ್ಲಿ ‘ಮಿತಿ ಮೀರಿದೆ’ ಎಂದು ಕಂಡು ಗಾಬರಿಯಾಗುವವರು ಯಾವ ಮಿತಿ ಎಂಬುದನ್ನು ನೋಡಬೇಕು. 0.05 ಎಂಬುದು ಜೀವಕ್ಕೆ ಅಪಾಯದ ಗೆರೆಯಲ್ಲ.

ತಾಮ್ರ ದೇಹಕ್ಕೆ ಬೇಕಾದ ಲೋಹವೂ ಹೌದು. ದೊಡ್ಡವರಿಗೆ ದಿನಕ್ಕೆ 1 ಮಿ.ಗ್ರಾಂ. ಆಸುಪಾಸು ಸಾಕು, ಅದು ಕಾಳು, ಶೇಂಗಾ, ಎಳ್ಳಿನಿಂದಲೇ ದೊರೆಯುತ್ತದೆ, 10 ಮಿ.ಗ್ರಾಂ. ಮೇಲ್ಮಿತಿ. ಬೇಸಿಗೆಯಲ್ಲಿ ಹೊಲದ ಕೆಲಸಕ್ಕೆ ಹೋಗುವವರು ದಿನಕ್ಕೆ 5 ಲೀಟರ್ ನೀರು ಕುಡಿಯುತ್ತಾರೆಂದು ಹಿಡಿದರೆ, 0.177ರ ನೀರಿನಿಂದ ಸೇರುವುದು 0.9 ಮಿ.ಗ್ರಾಂ. ಅದೇ ನೀರು 2ರ ಮಟ್ಟದ್ದಾದರೆ ಮೇಲ್ಮಿತಿ ಅಲ್ಲಿಗೇ ಮುಟ್ಟಿತು. ಮಿತಿಗಳನ್ನು ಬಿಸಿಲುನಾಡಿನವರು ನೀರು ಕುಡಿಯುವ ಲೆಕ್ಕದಲ್ಲಿ ನೋಡಬೇಕೆನ್ನುವುದು ಇದಕ್ಕೇ.

ದೇಹದ ಮೇಲೆ

ಹೆಚ್ಚಿನ ತಾಮ್ರ ಮೊದಲು ಹೊಟ್ಟೆಯಲ್ಲಿ ತಿಳಿಯುತ್ತದೆ: ಹೊಟ್ಟೆ ತೊಳಸುವುದು, ವಾಂತಿ, ನೋವು, ಕೆಲವೊಮ್ಮೆ ಭೇದಿ. ಕುಡಿದ ಒಂದೆರಡು ತಾಸಿನೊಳಗೇ ಕಾಣಿಸಿಕೊಳ್ಳುವುದು ಇದರ ಗುರುತು. ಸೋಂಕಿನ ವಾಂತಿಭೇದಿಗೆ ಸಾಮಾನ್ಯವಾಗಿ ಇನ್ನೂ ಹೊತ್ತು ಹಿಡಿಯುತ್ತದೆ. ತಾಮ್ರದ ಪಾತ್ರೆಯಲ್ಲಿಟ್ಟ ಲಿಂಬೆ ಪಾನಕ, ಮಜ್ಜಿಗೆ ಕುಡಿದು ಹೀಗಾಗುವುದು ಹೆಚ್ಚು. ಲೀಟರಿಗೆ 1 ಮಿ.ಗ್ರಾಂ. ದಾಟಿದರೆ ಬಟ್ಟೆ, ಬೇಸಿನ್‌ಗಳ ಮೇಲೆ ನೀಲಿ–ಹಸಿರು ಕಲೆ. 5 ದಾಟಿದರೆ ನೀರಿಗೇ ಬಣ್ಣ, ಕಹಿ. ಬಣ್ಣ, ರುಚಿಯಿಂದಲೇ ತಿಳಿಯುತ್ತೇವೆಂದು ಕಾದರೆ ತಡವಾಗಿರುತ್ತದೆ.

ಆರೋಗ್ಯವಂತರಲ್ಲಿ ಯಕೃತ್ತು ಹೆಚ್ಚುವರಿ ತಾಮ್ರವನ್ನು ಪಿತ್ತದ ಮೂಲಕ ಹೊರಹಾಕುತ್ತದೆ. ಎಳೆಗೂಸುಗಳಲ್ಲಿ ಈ ವ್ಯವಸ್ಥೆ ಬಲಿತಿರುವುದಿಲ್ಲ. ಭಾರತದ ಶಿಶು ಯಕೃತ್ ಸಿರೋಸಿಸ್ ಎಂದು ವೈದ್ಯಗ್ರಂಥಗಳಲ್ಲಿ ಹೆಸರಾದ ಕಾಯಿಲೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. 1980ರ ದಶಕದಲ್ಲಿ ಪುಣೆಯ ಕೆಇಎಂ ಆಸ್ಪತ್ರೆಯ ವೈದ್ಯರು ಮತ್ತು ಬ್ರಿಟನ್ನಿನ ಎಂ.ಎಸ್. ಟ್ಯಾನರ್ ಅದರ ಜಾಡು ಹಿಡಿದಾಗ ಕಂಡದ್ದು ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಸಿ ಇಟ್ಟ ಹಾಲು. ಹಾಲಿನ ಪ್ರೋಟೀನು ತಾಮ್ರವನ್ನು ಬಲವಾಗಿ ಹಿಡಿದುಕೊಳ್ಳುತ್ತದೆ. ಪಾತ್ರೆ ಬದಲಾದಂತೆ ಕಾಯಿಲೆ ಅಪರೂಪವಾಯಿತು. ಆಸ್ಟ್ರಿಯದ ಟಿರೋಲ್ ಪ್ರಾಂತದಲ್ಲೂ ಕಲಾಯಿಯಿಲ್ಲದ ತಾಮ್ರದ ಪಾತ್ರೆಯ ಹಾಲಿಗೆ ಇಂಥದೇ ಕಥೆಯುಂಟು. ನೀರಿನ ಕೊಡವನ್ನು ಹೊಗಳುವ ಭರದಲ್ಲಿ ಹಾಲಿನ ಈ ಅನುಭವ ಮರೆಗೆ ಸರಿದಿದೆ.

ಇನ್ನೊಂದು ವರ್ಗ ವಿಲ್ಸನ್ ಕಾಯಿಲೆಯವರದು. 1912ರಲ್ಲಿ ಎಸ್.ಎ.ಕೆ. ವಿಲ್ಸನ್ ವಿವರಿಸಿದ ಈ ಆನುವಂಶಿಕ ದೋಷದಲ್ಲಿ ತಾಮ್ರ ಹೊರಹೋಗದೆ ಯಕೃತ್ತು, ಮಿದುಳಿನಲ್ಲಿ ತುಂಬಿಕೊಳ್ಳುತ್ತದೆ. ಕೈ ನಡುಕ, ತೊದಲು, ಕೈಬರಹ ಕೆಡುವುದು. ಕಣ್ಣಿನ ಕರಿಗುಡ್ಡೆಯ ಅಂಚಿಗೆ ಕಂದು–ಹಸಿರು ಉಂಗುರ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಮೂರು ದಶಕಗಳಲ್ಲಿ ಕಂಡ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದರೆ ಮಾತ್ರ ಕಾಯಿಲೆ ಕಾಣುವುದರಿಂದ ಸೋದರಮಾವ, ಅತ್ತೆಯ ಮಕ್ಕಳೊಳಗಿನ ಮದುವೆ ಹೆಚ್ಚಿರುವ ನಮ್ಮ ಕಡೆ ಇದನ್ನು ನೆನಪಿಡಬೇಕು. ಈ ರೋಗಿಗಳಿರುವ ಮನೆಯಲ್ಲಿ ತಾಮ್ರದ ಕೊಡದ ನೀರು ಅವರಿಗೆ ಸಲ್ಲದು.

ಹೊಲದಿಂದ, ಕೊಳವೆಯಿಂದ

ಕುಷ್ಟಗಿ, ಯಲಬುರ್ಗಾ ಭಾಗದ ದಾಳಿಂಬೆಗೆ ದುಂಡಾಣು ಅಂಗಮಾರಿ ತಗಲಿದಾಗಿನಿಂದ ತಾಮ್ರದ ಔಷಧಗಳ ಬಳಕೆ ಹೆಚ್ಚಿತು: ಕಾಪರ್ ಆಕ್ಸಿಕ್ಲೋರೈಡ್, ಮತ್ತು ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ತಲಾ ಒಂದು ಕಿಲೋ ತುತ್ತ, ಸುಣ್ಣ ಸೇರಿಸಿದರೆ ಶೇಕಡ 1ರ ದ್ರಾವಣ. ಸಿಂಪಡಿಸಿದ ತಾಮ್ರ ಇಲ್ಲಿನ ಸುಣ್ಣದಂಶದ ಮಣ್ಣಿನಲ್ಲಿ ಗಟ್ಟಿಯಾಗಿ ಕೂರುವುದರಿಂದ ಬೋರ್‌ವೆಲ್‌ಗೆ ಇಳಿಯುವುದು ಅಪರೂಪ. ಭಯ ಇರುವುದು ಅಂಗಳದಲ್ಲಿ. ಔಷಧದ ಡ್ರಮ್ಮಿನೊಳಗೆ ನಲ್ಲಿಯ ಪೈಪನ್ನು ಮುಳುಗಿಸಿ ಬಿಟ್ಟಾಗ ಕರೆಂಟು ಹೋಗಿ ಮೋಟರ್ ನಿಂತರೆ, ಡ್ರಮ್ಮಿನ ನೀಲಿ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಮನೆಯ ಸಾಲಿಗೆ ಸೇರಬಲ್ಲದು. ಪೈಪಿನ ತುದಿ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಿದ್ದರೆ ಇದಾಗುವುದಿಲ್ಲ.

ತಾಮ್ರದ ಕೊಳವೆ ಹಾಕಿದ ಮನೆಗಳು ಇಲ್ಲಿ ವಿರಳ. ಎಲ್ಲೆಡೆ ಪಿವಿಸಿ, ಸಿಪಿವಿಸಿ, ಹಳೆಯ ಕಡೆ ಜಿಐ. ಪೇಟೆಯ ಮನೆಗಳಲ್ಲಿ ಗೀಸರಿನ ತಾಮ್ರದ ತೊಟ್ಟಿ, ಸೋಲಾರ್ ಹೀಟರಿನ ತಾಮ್ರದ ನಳಿಕೆಗಳಿವೆ. ಅವುಗಳ ಬಿಸಿನೀರನ್ನು ಅಡುಗೆಗೆ ಹಿಡಿಯಬಾರದು. ಮನೆಯೊಳಗೆಲ್ಲ ತಾಮ್ರದ ಕೊಳವೆಯಿರುವ ದೇಶಗಳಲ್ಲಿ ಏನಾಗಬಹುದೆಂಬುದಕ್ಕೆ ಇಂಗ್ಲೆಂಡಿನ ಕ್ಯಾಮಲ್‌ಫರ್ಡ್ ಸಾಕ್ಷಿ. 1988ರ ಜುಲೈನಲ್ಲಿ ಅಲ್ಲಿನ ನೀರಿನ ಘಟಕದಲ್ಲಿ 20 ಟನ್ ಅಲ್ಯುಮಿನಿಯಂ ಸಲ್ಫೇಟ್ ತಪ್ಪು ತೊಟ್ಟಿಗೆ ಬಿದ್ದು, ಹುಳಿಯಾದ ನೀರು ಮನೆಮನೆಯ ಕೊಳವೆಗಳಿಂದ ತಾಮ್ರ, ಸೀಸವನ್ನು ಕರಗಿಸಿಕೊಂಡು ನಲ್ಲಿಗೆ ಬಂತು.

ಪರೀಕ್ಷೆ ಮತ್ತು ಪರಿಹಾರ

ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ಕ್ಷೇತ್ರ ಪರೀಕ್ಷಾ ಕಿಟ್‌ಗಳು ಫ್ಲೋರೈಡ್, ನೈಟ್ರೇಟ್, ಗಡಸುತನ, ಕಬ್ಬಿಣದಂಥವಕ್ಕೆ. ತಾಮ್ರ ಅವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಟಿಡಿಎಸ್ ಮೀಟರ್ ಕರಗಿದ ಲವಣಗಳ ಒಟ್ಟು ಅಂದಾಜನ್ನು ಮಾತ್ರ ಹೇಳುತ್ತದೆ, 1 ಮಿ.ಗ್ರಾಂ. ತಾಮ್ರ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಪ್ರಯೋಗಾಲಯದಲ್ಲಿ ಪರಮಾಣು ಹೀರಿಕೆಯಂಥ ವಿಧಾನದ ಉಪಕರಣದಿಂದ ಅಳೆಯಬೇಕು. ಮಾದರಿ ಎರಡಿರಬೇಕು: ರಾತ್ರಿಯಿಡೀ ನಿಂತ ಕೊಡದ ಅಥವಾ ನಲ್ಲಿಯ ಮೊದಲ ನೀರು ಒಂದು, ಮೂಲದಿಂದ ನೇರ ಹಿಡಿದದ್ದು ಇನ್ನೊಂದು. ಎರಡರ ವ್ಯತ್ಯಾಸವೇ ಮನೆಯ ಪಾಲು. ಒಂದನ್ನೇ ಕೊಟ್ಟರೆ ತಪ್ಪು ಯಾರದೆಂದು ತಿಳಿಯುವುದಿಲ್ಲ.

ಕುದಿಸಿದರೆ ತಾಮ್ರ ಹೋಗುವುದಿಲ್ಲ, ನೀರು ಆವಿಯಾಗಿ ಸಾಂದ್ರತೆ ಏರುತ್ತದೆ. ನಲ್ಲಿಯ ಮೊದಲ ನೀರನ್ನು ಬಿಟ್ಟು ಹಿಡಿಯುವುದು, ಕೊಡದ ನೀರನ್ನು ದಿನದಿನ ಬದಲಿಸುವುದು, ಹುಳಿ ಮತ್ತು ಹಾಲನ್ನು ತಾಮ್ರಕ್ಕೆ ಸೋಕಿಸದಿರುವುದು, ಕೂಸಿಗೆ ಸ್ಟೀಲಿನ ಪಾತ್ರೆಯ ನೀರನ್ನೇ ಬಳಸುವುದು, ಇಷ್ಟರಲ್ಲಿ ಮನೆಮಟ್ಟದ ಪರಿಹಾರ ಮುಗಿಯುತ್ತದೆ. ಊರಿನ ಮಟ್ಟದಲ್ಲಿ ಆರ್‌ಒ ಘಟಕದ ಕೊನೆಗೆ ಸುಣ್ಣಕಲ್ಲಿನ ಹರಳಿನ ಶೋಧಕ ಜೋಡಿಸಿದರೆ ಪಿಎಚ್, ಕ್ಷಾರಾಂಶ ಮತ್ತೆ ಏರುತ್ತವೆ. ಲೋಹ ತಿನ್ನುವ ಗುಣ ತಗ್ಗುತ್ತದೆ.

ನೀರಿನ ಮೂಲವೂ ಬದಲಾಗುವ ಹಾದಿಯಲ್ಲಿದೆ. ಹೂಳಿನಿಂದ ತುಂಗಭದ್ರಾ ಜಲಾಶಯ ಕಳೆದುಕೊಂಡ ಸಂಗ್ರಹಕ್ಕೆ ಬದಲಾಗಿ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ವರ್ಷಗಳಿಂದ ಚರ್ಚೆಯಲ್ಲಿದೆ. ಜಲಜೀವನ್ ಮಿಷನ್ ಅಡಿ ಹಳ್ಳಿಗಳಿಗೆ ನಲ್ಲಿಗಳು ಬಂದಿವೆ, ನದಿ ನೀರನ್ನು ಹಳ್ಳಿಗಳಿಗೆ ಹರಿಸುವ ಬಹುಗ್ರಾಮ ಯೋಜನೆಗಳೂ ಇವೆ. ಪಟಕ ಹಾಕಿ ತಿಳಿ ಮಾಡಿ, ಕ್ಲೋರಿನ್ ಬೆರೆಸಿದ ನದಿನೀರು ಬೋರ್ ನೀರಿಗಿಂತ ಮೆದು. ಪಟಕ ಪಿಎಚ್ಚನ್ನು ಇಳಿಸುತ್ತದೆ ಕೂಡ. ಫ್ಲೋರೈಡ್ ಕಡಿಮೆ ಇರುವ ಆ ನೀರು ಬಂದ ಊರುಗಳಲ್ಲಿ ಶುದ್ಧೀಕರಣ ಘಟಕದ ಹೊರಹರಿವಿನ ಪಿಎಚ್ ದಾಖಲಾಗಬೇಕು, ಮನೆಯ ತಾಮ್ರದ ಕೊಡಗಳ ನೀರನ್ನು ಒಮ್ಮೆಯಾದರೂ ಪರೀಕ್ಷೆಗೆ ಒಯ್ಯಬೇಕು.